ಅರವತ್ತರ ಸೇತುವೆ

ಯಾರು ಯಾವ ತಿಂಗಳು ನಿವೃತ್ತರಾಗುತ್ತಾರೆ ಎಂಬ ಪಟ್ಟಿ ತಯಾರಿಸುವುದು ನಮ್ಮ ಕಚೇರಿಯಲ್ಲಿ ಹಲವು ವರ್ಷಗಳಿಂದ ನನ್ನ ಪಾಲಿನ ಕೆಲಸ. ಸೇವಾ ಪುಸ್ತಕದ ಮೊದಲ ಪುಟ ತೆರೆದು ಹುಟ್ಟಿದ ತಾರೀಕು ನೋಡುವುದು, ಅದಕ್ಕೆ ಅರವತ್ತು ಕೂಡಿಸುವುದು, ಆ ತಿಂಗಳ ಕೊನೆಯ ದಿನವನ್ನು ಬರೆಯುವುದು. ಒಂದನೆಯ ತಾರೀಕು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಬಿ.ಎಸ್ಸಿ. ಓದಿದವನಿಗೆ ಇದೇನೂ ದೊಡ್ಡ ಗಣಿತವಲ್ಲ. ಆದರೆ ಒಬ್ಬ ಮನುಷ್ಯನ ಮೂವತ್ತೈದು ವರ್ಷಗಳ ದುಡಿಮೆ ಹೀಗೆ ಒಂದು ಕೂಡುವ ಲೆಕ್ಕದಲ್ಲಿ ಮುಗಿಯುತ್ತದಲ್ಲ ಎಂದು ಆಗಾಗ ಅನಿಸುವುದುಂಟು.

ಹೋದ ವರ್ಷ ಆ ಪಟ್ಟಿಯಲ್ಲಿ ನಮ್ಮ ವಿಭಾಗದ ಸಾಹೇಬರ ಹೆಸರಿತ್ತು. ಶಾಲು, ಹಾರ, ತೆಂಗಿನಕಾಯಿ, ಭಾಷಣ ಎಲ್ಲ ಆಯಿತು. ತಿಂಗಳು ಕಳೆದ ಮೇಲೆ ನೋಡುತ್ತೇನೆ, ಅದೇ ಬೆಳಗಿನ ಲೋಕಲ್ ಗಾಡಿಯಲ್ಲಿ, ಅದೇ ಡಬ್ಬಿ ಹಿಡಿದು ಅವರು ನಿಂತಿದ್ದಾರೆ. ಪೆನ್ಷನ್ ಕಾಗದಕ್ಕೆ ಬಂದಿರಬೇಕೆಂದು ಕೇಳಿದೆ, "ಹೂಂ" ಎಂದರು. ಆಮೇಲೆ ನಮ್ಮ ಜವಾನ ಹೇಳಿದ: ಅವರು ದಿನವೂ ಬರುತ್ತಾರೆ. ಕಚೇರಿಯ ಎದುರಿನ ಉದ್ಯಾನದಲ್ಲಿ ಕೂರುತ್ತಾರೆ, ಒಂದೂವರೆಗೆ ಡಬ್ಬಿ ತೆರೆಯುತ್ತಾರೆ, ಸಂಜೆ ನಮ್ಮೆಲ್ಲರ ಜೊತೆಗೇ ಗಾಡಿ ಹತ್ತುತ್ತಾರೆ.

ಕೆಲವರು ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು.

ಅದೇ ದಿನಗಳಲ್ಲಿ ಫ್ಲೋರಾ ಫೌಂಟನ್ ಬಳಿಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಪ್ರಾಚೀನ ರೋಮನ್ನರ ಜೀವನ ಕುರಿತ ಪುಸ್ತಕವೊಂದು ಕೈಗೆ ಸಿಕ್ಕಿತು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ರೋಮ್ ಎಂದರೆ ಜೂಲಿಯಸ್ ಸೀಸರ್ ಒಬ್ಬನೇ. ಗಾಡಿಯಲ್ಲಿ ಕಾಲ ಕಳೆಯಲೆಂದು ಓದತೊಡಗಿದವನಿಗೆ ಒಂದು ಪುಟದಲ್ಲಿ ನನ್ನದೇ ಪಟ್ಟಿ ಕಂಡ ಹಾಗಾಯಿತು.

ವಾರೋ ಎಂಬ ರೋಮನ್ ಪಂಡಿತ, ಕ್ರಿ.ಪೂ. 116ರಲ್ಲಿ ಹುಟ್ಟಿ 27ರವರೆಗೆ ಬದುಕಿದವನು, ಮನುಷ್ಯನ ಆಯುಸ್ಸನ್ನು ಹದಿನೈದು ಹದಿನೈದು ವರ್ಷಗಳ ಮೆಟ್ಟಿಲುಗಳಾಗಿ ಕತ್ತರಿಸಿದ್ದ. ಕ್ರಿ.ಶ. 238ರಲ್ಲಿ ಸೆನ್ಸೊರೈನಸ್ ಎಂಬವನು ಹಿರಿಯರೊಬ್ಬರ ಹುಟ್ಟುಹಬ್ಬಕ್ಕೆ ಕಾಣಿಕೆಯಾಗಿ ಬರೆದ ಪುಸ್ತಕದಿಂದ ಇದು ನಮಗೆ ತಿಳಿದುಬಂದಿದೆ. ಹದಿನೈದರವರೆಗೆ ಬಾಲಕ. ಮೂವತ್ತರವರೆಗೆ 'ಅಡುಲೆಸೆನ್ಸ್', ಎಂದರೆ ಇನ್ನೂ ಬೆಳೆಯುತ್ತಿರುವವನು. ನಲವತ್ತೈದರವರೆಗೆ 'ಯುವೆನಿಸ್'. ಅರವತ್ತರವರೆಗೆ 'ಸೀನಿಯರ್'. ಆಮೇಲೆ 'ಸೆನೆಕ್ಸ್', ಮುದುಕ.

ಈ ಮಾತುಗಳನ್ನು ಗಮನಿಸಿ. ಯುವೆನಿಸ್ ನಮ್ಮ ಸಂಸ್ಕೃತದ 'ಯುವನ್' ಶಬ್ದದ ಅಣ್ಣತಮ್ಮ. ಸೆನೆಕ್ಸ್ ಎಂಬುದೂ 'ಸನಾತನ'ದಲ್ಲಿರುವ 'ಸನ'ವೂ ಒಂದೇ ಬೇರಿನವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಸೆನೆಟ್ ಎಂದರೆ ಹಿರಿಯರ ಸಭೆ. ನಾವು ಕಚೇರಿಯಲ್ಲಿ ಯಾವುದಕ್ಕಾಗಿ ಅರ್ಜಿ ಮೇಲೆ ಅರ್ಜಿ ಹಾಕಿ ಜಗಳವಾಡುತ್ತೇವೋ ಆ 'ಸೀನಿಯಾರಿಟಿ'ಯ ಮೂಲವೂ ಇದೇ. ಮುದುಕನಾಗುವುದರಲ್ಲಿ ಯಾರು ಮುಂದು ಎಂಬುದೇ ನಮ್ಮ ಜಗಳವೆಂದು ಇಷ್ಟು ದಿನ ತಿಳಿದಿರಲಿಲ್ಲ!

ಈ ವಿಂಗಡಣೆ ಪಂಡಿತರ ಆಟವೂ ಅಲ್ಲ. ಹದಿನೇಳರಿಂದ ನಲವತ್ತಾರರವರೆಗಿನ ಗಂಡಸರು ದಂಡಿಗೆ ಹೋಗತಕ್ಕವರು, ಅದಕ್ಕಿಂತ ಹಿರಿಯರು ಊರು ಕಾಯತಕ್ಕವರು ಎಂಬ ಏರ್ಪಾಡು ಸರ್ವಿಯಸ್ ಟುಲಿಯಸ್ ಎಂಬ ಹಳೆಯ ಅರಸನದೆಂದು ರೋಮನ್ನರೇ ನಂಬಿದ್ದರು. ಇಷ್ಟಕ್ಕೂ ಆ ಕಾಲದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಇಪ್ಪತ್ತರಿಂದ ಮೂವತ್ತು ವರ್ಷವೆಂದು ಇತಿಹಾಸಕಾರರ ಅಂದಾಜು. ಸರಾಸರಿ ಎಂದರೆ ಮೂವತ್ತಕ್ಕೇ ಎಲ್ಲರೂ ಹೋಗುತ್ತಿದ್ದರೆಂದಲ್ಲ. ಎಳೆಯ ಮಕ್ಕಳ ಸಾವು ಲೆಕ್ಕವನ್ನು ಅಷ್ಟು ಕೆಳಗೆ ಎಳೆಯುತ್ತಿತ್ತು. ಆ ಗಂಡಾಂತರ ದಾಟಿದವರಲ್ಲಿ ಅರವತ್ತು, ಎಪ್ಪತ್ತು ಕಂಡವರೂ ಇದ್ದರು.

ಅರವತ್ತು ಕಂಡವರ ಗತಿಯೇನು? ನಮ್ಮಲ್ಲಿ 'ಅರವತ್ತಕ್ಕೆ ಅರಳು ಮರಳು' ಎನ್ನುತ್ತಾರೆ. ರೋಮನ್ನರ ಗಾದೆ ಇನ್ನೂ ಕಠಿಣ: 'ಅರವತ್ತಾದವರು ಸೇತುವೆಯಿಂದ ಕೆಳಗೆ'. ಪ್ರತಿ ವರ್ಷ ಮೇ ತಿಂಗಳ ನಡುವೆ ಜೊಂಡಿನಿಂದ ಮಾಡಿದ ಮನುಷ್ಯಾಕೃತಿಗಳನ್ನು ಹಳೆಯ ಮರದ ಸೇತುವೆಯಿಂದ ಟೈಬರ್ ನದಿಗೆ ಎಸೆಯುವ ಆಚರಣೆಯೊಂದು ಅಲ್ಲಿತ್ತು. ಹಿಂದಿನ ಕಾಲದಲ್ಲಿ ನಿಜವಾದ ಮುದುಕರನ್ನೇ ಎಸೆಯುತ್ತಿದ್ದರು ಎಂಬ ಕಥೆಯೂ ಹುಟ್ಟಿತ್ತು. ಕವಿ ಓವಿಡ್ ಅದನ್ನು ನಂಬಲಿಲ್ಲ.

ಗಾದೆಗೆ ಮರ್ಯಾದೆಯ ಅರ್ಥ ಹೇಳಿದವನು ಮತ್ತೆ ಅದೇ ವಾರೋ. ರೋಮಿನಲ್ಲಿ ಮತ ಹಾಕುವವರು ಕಿರಿದಾದ ಹಲಗೆಯ ದಾರಿಯೊಂದನ್ನು ಹಾದುಹೋಗಬೇಕಿತ್ತು. ಅದಕ್ಕೂ ಸೇತುವೆಯೆಂದೇ ಹೆಸರು. ಅರವತ್ತು ತುಂಬಿ ಐದನೆಯ ಮೆಟ್ಟಿಲು ಏರಿದವನಿಗೆ ಸಾರ್ವಜನಿಕ ಕೆಲಸಗಳಿಂದ ಬಿಡುವು. ಅವನು ಇನ್ನು ಆ ಸೇತುವೆ ಹತ್ತಬೇಕಾಗಿಲ್ಲ, ಅಷ್ಟೆ. ತಳ್ಳಿದರೆಂಬುದು ಜನರ ಮಾತು, ಬಿಡುಗಡೆ ಮಾಡಿದರೆಂಬುದು ಪಂಡಿತನ ಮಾತು. ಎರಡರಲ್ಲಿ ಯಾವುದು ನಿಜ? ಉದ್ಯಾನದ ಬೆಂಚಿನ ಮೇಲೆ ಕುಳಿತವರನ್ನು ಕೇಳಬೇಕು.

ಹಾಗೆ ಕುಳಿತವನೊಬ್ಬ ರೋಮಿನಲ್ಲೂ ಇದ್ದ. ತತ್ತ್ವಜ್ಞಾನಿ ಸೆನೆಕ, ನಗರದ ಧಾನ್ಯ ಸರಬರಾಜಿನ ಅಧಿಕಾರಿ ಪೌಲಿನಸನಿಗೆ ಆಯುಸ್ಸಿನ ಅಲ್ಪತೆಯನ್ನು ಕುರಿತು ಬರೆದ ಗ್ರಂಥದಲ್ಲಿ ಅವನ ಕಥೆ ಹೇಳುತ್ತಾನೆ. ಹೆಸರು ತುರಾನಿಯಸ್, ಬಹಳ ನಿಷ್ಠೆಯ ಅಧಿಕಾರಿ, ವಯಸ್ಸು ತೊಂಬತ್ತು ದಾಟಿತ್ತು. ಚಕ್ರವರ್ತಿ ಕ್ಯಾಲಿಗುಲ ತಾನಾಗಿಯೇ ಅವನಿಗೆ ನಿವೃತ್ತಿ ಕೊಟ್ಟ. ತುರಾನಿಯಸ್ ಮನೆಗೆ ಹೋಗಿ ಹೆಣದಂತೆ ಮಂಚದ ಮೇಲೆ ಮಲಗಿ, ಮನೆಮಂದಿಯೆಲ್ಲ ಸುತ್ತ ಕುಳಿತು ಅಳಬೇಕೆಂದು ಅಪ್ಪಣೆ ಮಾಡಿದ. ಅವರು ಅತ್ತರು. ಕೆಲಸ ವಾಪಸು ಸಿಗುವವರೆಗೆ ಆ ಸೂತಕ ಮುಗಿಯಲಿಲ್ಲ! ಐವತ್ತಾದವನನ್ನು ಕಾನೂನು ದಂಡಿಗೆ ಕರೆಯುವುದಿಲ್ಲ, ಅರವತ್ತಾದವನನ್ನು ಸೆನೆಟಿಗೆ ಕರೆಯುವುದಿಲ್ಲ. ಆದರೂ ಮನುಷ್ಯ ತನಗೆ ತಾನೇ ರಜೆ ಕೊಟ್ಟುಕೊಳ್ಳಲಾರ ಎಂಬುದು ಸೆನೆಕನ ಕೊರಗು.

ಇದನ್ನು ಓದಿದ ರಾತ್ರಿ ಮನೆಯವಳಿಗೆ ಹೇಳಿದೆ. ಅವಳು ಸಾರು ಕುದಿಸುತ್ತಿದ್ದವಳು, "ನಿಮ್ಮ ವಾರೋ ಹೆಂಗಸರಿಗೆ ಎಷ್ಟು ಮೆಟ್ಟಿಲು ಮಾಡಿದ್ದಾನೆ?" ಎಂದು ಕೇಳಿದಳು. ಆ ಐದು ಮೆಟ್ಟಿಲುಗಳು ಗಂಡಸರವು. ರೋಮಿನ ಹುಡುಗಿಗೆ ಹನ್ನೆರಡಕ್ಕೆ ಮದುವೆಯಾಗಲು ಕಾನೂನಿನ ಒಪ್ಪಿಗೆಯಿತ್ತು. ಮದುವೆ, ಮಕ್ಕಳು, ವೈಧವ್ಯ ಇವೇ ಅವಳ ಮೆಟ್ಟಿಲು. "ಹಾಗಾದರೆ ಈ ಅಡಿಗೆಮನೆಯಿಂದ ನನಗೆ ಯಾವ ತಿಂಗಳ ಕೊನೆಯ ದಿನ? ನಿಮ್ಮ ಪಟ್ಟಿಯಲ್ಲಿ ನೋಡಿ ಹೇಳಿ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಹೆಂಡತಿಯ ಮಾತು ಬಂದದ್ದಕ್ಕೆ ವಾರೋನ ಉಳಿದ ಕಥೆಯನ್ನೂ ಹೇಳಬೇಕು. ಬಿಡುವಿನ ವಯಸ್ಸನ್ನು ಗೊತ್ತುಮಾಡಿದ ಅವನಿಗೇ ಅರವತ್ತಕ್ಕೆ ಬಿಡುವು ಸಿಗಲಿಲ್ಲ. ಕ್ರಿ.ಪೂ. 49ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಸ್ಪೇನಿನಲ್ಲಿ ಪಾಂಪೆಯ ಪರವಾಗಿ ಸೈನ್ಯ ಹಿಡಿದು ನಿಂತು ಸೀಸರನಿಗೆ ಶರಣಾದ. ಕ್ರಿ.ಪೂ. 43ರಲ್ಲಿ ಆಂಟನಿಯ ಕಡೆಯವರು ಅವನ ಹೆಸರನ್ನು ಕೊಲ್ಲತಕ್ಕವರ ಪಟ್ಟಿಗೆ ಸೇರಿಸಿದರು. ಜೀವ ಉಳಿಯಿತು, ಪುಸ್ತಕ ಭಂಡಾರ ಲೂಟಿಯಾಯಿತು. ಆಮೇಲೂ ಬರೆದ. ಹೆಂಡತಿ ಫುಂಡಾನಿಯಾ ಒಂದು ಜಮೀನು ಕೊಂಡಿದ್ದಳು. ಅದನ್ನು ಹೇಗೆ ಸಾಗುವಳಿ ಮಾಡಬೇಕೆಂದು ಅವಳಿಗೆ ತಿಳಿಸಲು ಎಂಬತ್ತನೆಯ ವಯಸ್ಸಿನಲ್ಲಿ ಬೇಸಾಯದ ಗ್ರಂಥ ರಚಿಸಿದ. ಪ್ರಯಾಣಕ್ಕೆ ಗಂಟುಮೂಟೆ ಕಟ್ಟುವ ಹೊತ್ತು ಬಂತು, ಅದಕ್ಕೇ ಅವಸರ ಎಂಬ ಅರ್ಥದ ಮಾತಿನಿಂದ ಅದು ಆರಂಭವಾಗುತ್ತದೆ. ಆ ಗ್ರಂಥ ಇವತ್ತಿಗೂ ಇದೆ.

ಮೊನ್ನೆ ಮಧ್ಯಾಹ್ನ ನನ್ನ ಡಬ್ಬಿ ತೆಗೆದುಕೊಂಡು ಉದ್ಯಾನಕ್ಕೆ ಹೋದೆ. ಸಾಹೇಬರು ಜಾಗ ಬಿಟ್ಟುಕೊಟ್ಟರು. ಕಚೇರಿಯ ಸುದ್ದಿಯೆಲ್ಲ ಕೇಳಿದರು. ಮಾತು ಮುಗಿದಾಗ, ಧೈರ್ಯ ಮಾಡಿ, ಕಥೆಯೆಂಬಂತೆ ತುರಾನಿಯಸ್ಸನ ವಿಷಯ ತೆಗೆದೆ. ನಗುವರೆಂದುಕೊಂಡಿದ್ದೆ. ಅವರು ನಗಲಿಲ್ಲ. "ಅವನಿಗೆ ಕೆಲಸ ವಾಪಸು ಸಿಕ್ಕಿತಲ್ಲ, ಪುಣ್ಯವಂತ" ಎಂದರು ಮರಾಠಿಯಲ್ಲಿ. ಆಮೇಲೆ ವಾರೋನ ಕಥೆಯನ್ನೂ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಈ ಬರೆಯುವುದನ್ನು ಅವನು ಯಾವಾಗ ಶುರು ಮಾಡಿದ? ಅರವತ್ತಾದ ಮೇಲೋ?"

"ಇಲ್ಲ ಸಾಹೇಬ್, ಮೊದಲಿನಿಂದಲೂ ಬರೆಯುತ್ತಿದ್ದ. ನಾನೂರಕ್ಕಿಂತ ಹೆಚ್ಚು ಪುಸ್ತಕ ಬರೆದನಂತೆ."

"ಹಾಗೇ ಇರಬೇಕು ಅಂದುಕೊಂಡೆ" ಎಂದು ಡಬ್ಬಿಯ ಮುಚ್ಚಳ ಹಾಕಿದರು. ನನ್ನನ್ನು ನೋಡಿ, "ನಿಮಗೀಗ ಎಷ್ಟು?" ಎಂದರು.

ಬರುವ ತಿಂಗಳು ನಲವತ್ತೈದು ತುಂಬುತ್ತದೆ ಎಂದೆ. ವಾರೋನ ಲೆಕ್ಕದಲ್ಲಿ ಇನ್ನೂ ಕೆಲವು ದಿನ ನಾನು ಯುವಕನೇ. "ಹಾಗಾದರೆ ಹೊತ್ತಿದೆ" ಎಂದರು ಸಾಹೇಬರು. ಗಡಿಯಾರ ನೋಡಿದರು. ಎರಡು ಹೊಡೆದಿತ್ತು. ನಾನು ಎದ್ದು ಕಚೇರಿಗೆ ನಡೆದೆ. ಅವರು ಅಲ್ಲೇ ಕುಳಿತಿದ್ದರು.