ಹಿಂದಿನಿಂದ ಬರುವವನ ಹೊಣೆ

ನಮ್ಮ ಮಾಗಳದಿಂದ ಹಡಗಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಸಂಜೆ ಅರ್ಧ ಗಂಟೆ ನಿಂತರೆ ಸಾಕು, ಜಗತ್ತಿನ ಎಲ್ಲ ಬಗೆಯ ವಾಹನಗಳೂ ಕಣ್ಣಿಗೆ ಬೀಳುತ್ತವೆ. ತುಂಗಭದ್ರೆಯ ದಂಡೆಯ ಗದ್ದೆಗಳಿಂದ ಮರಳುವ ಎತ್ತಿನ ಬಂಡಿ, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್, ಇಪ್ಪತ್ತು ಜನರನ್ನು ತುಂಬಿಕೊಂಡ ಟಂಟಂ, ಕುರಿ ಹಿಂಡು, ಸರಕಾರಿ ಬಸ್ಸು. ಇವೆಲ್ಲವುಗಳ ನಡುವೆ ಸಂದು ಹುಡುಕಿ ನುಗ್ಗುವ ನಮ್ಮ ಹುಡುಗರ ಬೈಕುಗಳು. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಜಾತ್ರೆಗೆ ಹೊರಟ ಬಂಡಿಗಳ ಸಾಲು ಈ ಭಾಗದ ರಸ್ತೆಗಳಲ್ಲಿ ಸೇರಿಕೊಂಡರೆ ಮುಗಿಯಿತು. ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುವವನಿಗೂ ತೊಂಬತ್ತು ಹೋಗುವವನಿಗೂ ಅದೇ ಡಾಂಬರು.

2018ರ ಜನವರಿಯಲ್ಲಿ, ಕಬ್ಬು ಕಡಿಯುವ ಹಂಗಾಮಿನಲ್ಲಿ, ಈ ರಸ್ತೆಯಲ್ಲಿ ನಮ್ಮ ಓಣಿಯ ಟೇಲರ್ ಭಾಯಿಯ ಮಗ ತೀರಿಕೊಂಡ. ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಗೆಳೆಯನೊಂದಿಗೆ ಪಂದ್ಯ ಕಟ್ಟಿ ಬೈಕು ಓಡಿಸುತ್ತಿದ್ದ. ಮುಂದಿದ್ದ ಗೆಳೆಯನನ್ನು ದಾಟಲು ಹೋದವನು ಕತ್ತಲಲ್ಲಿ ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬಡಿದ. ಟ್ರೇಲರಿನ ಹಿಂದೆ ದೀಪವಿರಲಿಲ್ಲ, ಒಂದು ಕೆಂಪು ಬಟ್ಟೆಯೂ ಇರಲಿಲ್ಲ. ಆಸ್ಪತ್ರೆಗೆ ಒಯ್ಯಲು ವಾಹನ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ಉಳಿದ ಹುಡುಗ ಪಕ್ಕದ ಓಣಿಯ ರೈತರೊಬ್ಬರ ಮಗ. ಅವನೇ ಬೈಕನ್ನು ಅಡ್ಡ ತಂದನೆಂದು ಊರು ಮಾತಾಡಿತು. ಕಂಡವರು ಯಾರೂ ಇರಲಿಲ್ಲ. ಆದರೂ ಮಾತಿಗೇನು ಕಡಿಮೆ? ಹುಡುಗ ಕಾಲೇಜು ಬಿಟ್ಟ, ಮನೆಯಿಂದ ಹೊರಬರುವುದನ್ನೂ ಬಿಟ್ಟ. ಭಾಯಿ ಅವನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆದರೆ ಅವನ ಅಪ್ಪ ಅಂಗಡಿಯ ಮುಂದೆ ಹಾದುಹೋದರೆ ತಲೆ ತಗ್ಗಿಸಿ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು. ಐವತ್ತು ವರ್ಷ ಒಂದೇ ಬಾವಿಯ ನೀರು ಕುಡಿದ ಎರಡು ಮನೆಗಳು ಅವು.

ನಾವು ಎಂದರೆ ಇಬ್ಬರು ಮಾಸ್ತರರು, ಒಬ್ಬ ಕಿರಾಣಿ ಅಂಗಡಿಯವ, ಒಬ್ಬ ಟ್ರ್ಯಾಕ್ಟರ್ ಮಾಲೀಕ. ಸಂಜೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂರುವ ಮಂದಿ. ಹುಡುಗರಿಗೆ ಬುದ್ಧಿ ಹೇಳುವ ಕೆಲಸವನ್ನು ನಾವಾಗಿಯೇ ಮೈಮೇಲೆ ಹಾಕಿಕೊಂಡೆವು. ಶಾಲೆಯಲ್ಲಿ ಸಭೆ ಸೇರಿಸಿ ಭಾಷಣ ಮಾಡಿದೆವು. ಹುಡುಗರು ಕೈಕಟ್ಟಿ ಕೇಳಿ, ಹೊರಗೆ ಹೋಗಿ ಕಿಕ್ ಹೊಡೆದು ಹೊಗೆ ಎಬ್ಬಿಸಿ ಹೋದರು. ಭಾಷಣದ ಬೆಲೆ ನಮಗೆ ಅಂದೇ ತಿಳಿಯಿತು.

ಆಗ ನೆನಪಾದದ್ದು ನಮ್ಮೂರಿನ ಇನ್ನೊಬ್ಬ ಹುಡುಗ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಹಡಗಲಿಯ ಗ್ಯಾರೇಜಿನಲ್ಲಿ ಪಾನಾ ಹಿಡಿದವನು, ಬೆಂಗಳೂರಿಗೆ ಹೋಗಿ, ಅಲ್ಲಿಂದ ಕೊಯಮತ್ತೂರಿಗೆ ಹೋಗಿ ಕಾರ್ ರೇಸಿನ ತಂಡವೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಫೋನು ಮಾಡಿದಾಗ, "ಮಾಸ್ತರ, ಹೇಳಿದ್ರ ಯಾರ್ ಕೇಳ್ತಾರ? ಕರ್ಕೊಂಡು ಬರ್ರಿ, ತೋರಸ್ತೀನಿ" ಎಂದ. ಅದೇ ವರ್ಷ ಒಂದು ಶುಕ್ರವಾರ ರಾತ್ರಿ ನಾಲ್ವರು ದೊಡ್ಡವರು, ನಾಲ್ವರು ಹುಡುಗರು ಹಡಗಲಿಯಿಂದ ಬೆಂಗಳೂರಿನ ಬಸ್ಸು ಹತ್ತಿದೆವು. ಆ ಹುಡುಗನನ್ನೂ ಅವನ ಅಪ್ಪನ ಒಪ್ಪಿಗೆ ಪಡೆದು ಹೊರಡಿಸಿದ್ದೆವು. ಟೇಲರ್ ಭಾಯಿಯನ್ನು ಕರೆದಿರಲಿಲ್ಲ, ಕರೆಯುವ ಧೈರ್ಯ ಬಂದಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಅವರೇ ಒಂದು ಚೀಲ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತರು. "ನನ್ ಮಗಾ ಏನು ನೋಡಾಕ್ ಹೋಗಿದ್ನೋ ಅದನ್ನ ನಾನೂ ನೋಡ್ತೀನಿ" ಎಂದಷ್ಟೇ ಹೇಳಿದರು.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈ ಎಂಬ ಊರಿದೆ. ಅಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿಸಿದ ರೇಸ್ ಟ್ರ್ಯಾಕು 1990ರಲ್ಲಿ ಆರಂಭವಾಯಿತು. ಒಂದು ಸುತ್ತಿಗೆ 3.717 ಕಿಲೋಮೀಟರ್. ಅದಕ್ಕೂ ಮೊದಲು ಈ ಕ್ಲಬ್ಬಿನ ರೇಸು ನಡೆಯುತ್ತಿದ್ದುದು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ.

ನಾವು ಅಂದುಕೊಂಡದ್ದು ಇಷ್ಟೇ: ಕಾರುಗಳು ಸಾಲಾಗಿ ನಿಲ್ಲುತ್ತವೆ, ಓಡುತ್ತವೆ, ಮೊದಲು ಬಂದವನು ಗೆದ್ದ. ಅಲ್ಲಿ ಕಂಡದ್ದು ಬೇರೆ. ಎರಡು ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದಾದ ಮೇಲೊಂದು ಓಟ. ಒಬ್ಬನೇ ಕೂರುವ ಚಕ್ರ ಹೊರಗಿರುವ ಫಾರ್ಮುಲಾ ಕಾರುಗಳದು ಒಂದು, ಮಾರುತಿ ಸ್ವಿಫ್ಟಿನ ಎಂಜಿನ್ ಕೂರಿಸಿದ ಸಣ್ಣ ಫಾರ್ಮುಲಾ ಕಾರುಗಳದು ಇನ್ನೊಂದು. ಆಮೇಲೆ ನಾವು ರಸ್ತೆಯಲ್ಲಿ ಕಾಣುವಂಥ ಕಾರುಗಳು. ಹಳೆಯ ಎಸ್ಟೀಮ್, ಹೋಂಡಾ ಸಿಟಿ, ಪೋಲೋ. ಒಳಗಿನ ಸೀಟುಗಳನ್ನೆಲ್ಲ ಕಿತ್ತು ಉಕ್ಕಿನ ಪೈಪಿನ ಪಂಜರ ಕಟ್ಟಿದ್ದರು. ಇವುಗಳಲ್ಲೇ ಮೂರು ವರ್ಗ: ಇಂಡಿಯನ್ ಟೂರಿಂಗ್ ಕಾರ್ಸ್, ಜೂನಿಯರ್ ಟೂರಿಂಗ್ ಕಾರ್ಸ್, ಸೂಪರ್ ಸ್ಟಾಕ್. ಎಂಜಿನ್ನಿಗೆ ಎಷ್ಟು ಕೈ ಹಚ್ಚಬಹುದು ಎಂಬುದರ ಮೇಲೆ ವರ್ಗ. ಬೇರೆ ಬೇರೆ ವರ್ಗದ ಕಾರುಗಳು ಒಂದೇ ಓಟದಲ್ಲಿ ಒಟ್ಟಿಗೆ ಇಳಿಯುತ್ತವೆ, ಬಹುಮಾನ ಮಾತ್ರ ಅವರವರ ವರ್ಗಕ್ಕೆ.

ಇದು ನಮಗೆ ತೀರ ಹೊಸದೇನಲ್ಲ. ಬಳ್ಳಾರಿಯಾಚೆ ಆಂಧ್ರದ ಗಡಿಯಲ್ಲಿ ಎತ್ತುಗಳು ಕಲ್ಲು ಎಳೆಯುವ ಸ್ಪರ್ಧೆಗೆ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಹಲ್ಲೆಣಿಸಿಯೇ ವರ್ಗ ಮಾಡುತ್ತಾರೆ. ಹೊಳೆಯಾಚೆ ಹಾವೇರಿ, ಗದಗದ ಕಡೆ ಖಾಲಿ ಗಾಡಾ ಓಟದಲ್ಲಿ ಒಂದು ನಿಮಿಷಕ್ಕೆ ಎಷ್ಟು ಅಡಿ ಓಡಿತೆಂದು ಟೇಪು ಹಿಡಿದು ಅಳೆಯುತ್ತಾರೆ. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 1923ರಿಂದ ನಡೆಯುತ್ತಿರುವ ಜಗತ್ಪ್ರಸಿದ್ಧ ಸ್ಪೋರ್ಟ್ಸ್ ಕಾರ್ ರೇಸಿನ ಲೆಕ್ಕವೂ ಇದೇ. ಒಂದು ನಿಮಿಷದ ಬದಲು ಇಪ್ಪತ್ನಾಲ್ಕು ಗಂಟೆ. ಅಷ್ಟರಲ್ಲಿ ಯಾರು ಹೆಚ್ಚು ದೂರ ಓಡಿದರೋ ಅವರು ಗೆದ್ದಂತೆ. 2010ರಲ್ಲಿ ಗೆದ್ದ ಆಡಿ ಕಾರು 5,410 ಕಿಲೋಮೀಟರ್ ಓಡಿತ್ತು. ಅಲ್ಲೂ ವರ್ಗಗಳು. ಈಗ ಹೈಪರ್‌ಕಾರ್, ಎಲ್‌ಎಂಪಿ2, ಎಲ್‌ಎಂಜಿಟಿ3 ಎಂಬ ಮೂರು ವರ್ಗದ ಅರವತ್ತರಷ್ಟು ಕಾರುಗಳು ಹಗಲೂ ರಾತ್ರಿ ಒಂದೇ ದಾರಿಯಲ್ಲಿ. ಮೊದಲ ವರ್ಗದ ಕಾರು ಕೊನೆಯ ವರ್ಗದ ಕಾರಿಗಿಂತ ಒಂದು ಸುತ್ತಿಗೆ ಸುಮಾರು ಅರ್ಧ ನಿಮಿಷ ಮುಂದೆ. ಅಂದರೆ ಏಳೆಂಟು ಸುತ್ತಿಗೊಮ್ಮೆ ವೇಗದವನು ನಿಧಾನದವನನ್ನು ದಾಟಲೇಬೇಕು. ಭಾರತದವನೊಬ್ಬ ಅಲ್ಲಿ ಮೊದಲ ಬಾರಿ ಓಡಿಸಿದ್ದು 2012ರಲ್ಲಿ. ಚೆನ್ನೈನ ಕರುಣ್ ಚಂಧೋಕ್ ಇದ್ದ ತಂಡ ಆರನೆಯದಾಗಿ ಮುಗಿಸಿತು. ಬೆಂಗಳೂರಿನ ಅರ್ಜುನ್ ಮೈನಿ ಕೂಡ ಆಮೇಲೆ ಅಲ್ಲಿ ಓಡಿಸಿ ಬಂದಿದ್ದಾರೆ.

ನಮ್ಮ ಮೆಕ್ಯಾನಿಕ್ ಹುಡುಗ ಮೊದಲು ನಮ್ಮನ್ನು ಕರೆದೊಯ್ದದ್ದು ತಪಾಸಣೆಯ ಶೆಡ್ಡಿಗೆ. ಕಾರಿನ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು, ಚಾಲಕನ ಹೆಲ್ಮೆಟ್ಟಿನ ಮೇಲಿನ ಮುದ್ರೆ, ಕೈಗವಸು ಎಲ್ಲವನ್ನೂ ನೋಡುತ್ತಿದ್ದರು. ಒಂದು ಕಾರನ್ನು ನಮ್ಮ ಕಣ್ಣೆದುರೇ ವಾಪಸು ಕಳಿಸಿದರು. ಇನ್ನೊಂದು ಮಾತು ಹೇಳಿದ, ಅದು ಈಗಲೂ ಮನಸ್ಸಿನಲ್ಲಿದೆ. ಆಂಬ್ಯುಲೆನ್ಸೂ ಡಾಕ್ಟರೂ ತಮ್ಮ ಜಾಗದಲ್ಲಿ ಇಲ್ಲದಿದ್ದರೆ ಎಷ್ಟೇ ಜನ ಸೇರಿರಲಿ, ರೇಸು ಶುರುವಾಗುವುದಿಲ್ಲವಂತೆ. ಭಾಯಿ ಆ ಬಿಳಿ ವ್ಯಾನನ್ನು ಬಹಳ ಹೊತ್ತು ನೋಡುತ್ತ ನಿಂತರು. ನಾವು ಅವರನ್ನು ಕರೆಯಲಿಲ್ಲ.

ಮಧ್ಯಾಹ್ನ ಟೂರಿಂಗ್ ಕಾರುಗಳ ಓಟ. ಸದ್ದಿಗೆ ನಮ್ಮ ಎದೆಯೇ ನಡುಗಿತು. ಹುಡುಗರು ಕಬ್ಬಿಣದ ಬೇಲಿ ಹಿಡಿದು ಕುಣಿದರು. ವೇಗದ ಆನಂದ ಅವರಿಗಷ್ಟೇ ಎಂದರೆ ಸುಳ್ಳಾದೀತು, ಐವತ್ತು ದಾಟಿದ ನಮ್ಮ ಕಿರಾಣಿ ಅಂಗಡಿಯವರೂ ಶಿಳ್ಳೆ ಹೊಡೆದರು. ತಿರುವಿನ ಬಳಿ ನಿಂತಿದ್ದವರ ಕೈಯಲ್ಲಿ ಬಾವುಟಗಳು. ಹಳದಿ ಎಂದರೆ ಮುಂದೆ ಅಪಾಯ, ಯಾರನ್ನೂ ದಾಟಬಾರದು. ಕೆಂಪು ಎಂದರೆ ಓಟ ನಿಂತಿತು. ನೀಲಿ ಎಂದರೆ ನಿನ್ನ ಹಿಂದೆ ನಿನಗಿಂತ ವೇಗದವನು ಬರುತ್ತಿದ್ದಾನೆ.

ನೀಲಿ ಬಾವುಟ ಕಂಡಾಗ ಆ ಹುಡುಗ, ಊರು ಬಿಟ್ಟ ಮೇಲೆ ಹತ್ತು ಮಾತೂ ಆಡದವನು, ಮೆಕ್ಯಾನಿಕ್‌ನನ್ನು ಕೇಳಿದ: "ಅಣ್ಣ, ನೀಲಿ ತೋರಿಸಿದ್ರ ಮುಂದಿನವ ಪಕ್ಕಕ್ಕ ಸರೀಬೇಕೇನು?"

"ಗಾಬರಿಯಿಂದ ಸರಿಯಬಾರದು" ಎಂದ ಅವನು. "ನಿಧಾನ ಇದ್ದವ ತನ್ನ ದಾರಿ ಹಿಡಿದು ನೆಟ್ಟಗ ಹೋಗಬೇಕು. ಆ ಕಡೆ ಈ ಕಡೆ ಹೊಯ್ದಾಡಬಾರದು. ಅವ ಎಲ್ಲಿ ಹೊಂಟಾನ ಅನ್ನೋದು ಹಿಂದಿನವಗ ತಿಳಿಬೇಕು. ಎಲ್ಲಿ ಸುಲಭ ಐತೋ ಅಲ್ಲಿ ಬಿಟ್ಟುಕೊಡಬೇಕು. ದಾಟೋ ಜವಾಬ್ದಾರಿ ಮಾತ್ರ ವೇಗದವಂದು. ಬೇರೆ ಬೇರೆ ವರ್ಗದ ಗಾಡಿ ಕೂಡಿ ಓಡೋ ಕಡೆ ಎಲ್ಲಾ ಹಿಂಗ. ವೇಗ ಯಾರ ಕೈಯಾಗ ಐತೋ, ಹೊಣೆ ಅವರ ಮ್ಯಾಲ."

"ಮುಂದಿನವ ಅಡ್ಡ ತಂದ್ರ?"

"ಆವಾಗ ತಪ್ಪು ಅವಂದು. ವಿಡಿಯೋ ನೋಡಿ ಶಿಕ್ಷೆ ಹಾಕ್ತಾರ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಮ್ಮ ಯಾರ ಕಡೆಗೂ ನೋಡದೆ, ಟ್ರ್ಯಾಕಿನ ಕಡೆ ಮುಖ ಮಾಡಿಯೇ ಹೇಳಿದ: "ನಾನು ಅಡ್ಡ ತರಲಿಲ್ಲ ಕಾಕಾ. ನನಗೂ ಟ್ರೇಲರ್ ಕಾಣಲಿಲ್ಲ. ಹತ್ರ ಬಂದಾಗ ಕಂಡಿತು, ನಾನು ಬಲಕ್ಕ ತಿರುವಿ ಉಳಕೊಂಡೆ. ಅವ ನನ್ನ ಬಲಕ್ಕ ಬರಾಕತ್ತಿದ್ದ, ನನ್ನ ತಪ್ಪಿಸಾಕ ಎಡಕ್ಕ ತಿರುವಿದ."

ಅಷ್ಟು ಕೇಳಿದ ನಮಗೆ ಕಾಲಡಿಯ ನೆಲ ಗಟ್ಟಿಯಿಲ್ಲ ಅನ್ನಿಸಿತು. ಅಡ್ಡ ತರಲಿಲ್ಲ ಎನ್ನುತ್ತಲೇ ತಿರುವಿದ್ದನ್ನೂ ಒಪ್ಪಿಕೊಂಡಿದ್ದ. ಆ ಕ್ಷಣದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಇಬ್ಬರ ಬಳಿಯೂ ನೀಲಿ ಬಾವುಟವಿರಲಿಲ್ಲ, ಹಳದಿಯೂ ಇರಲಿಲ್ಲ. ಆರು ತಿಂಗಳಿನಿಂದ ತಪ್ಪು ಯಾರದು ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಿದ್ದವರಲ್ಲಿ ನಾವೂ ಇದ್ದೆವು ಎಂಬುದನ್ನು ಇಲ್ಲಿ ಬರೆಯಲೇಬೇಕು. ಟ್ರ್ಯಾಕ್ಟರ್ ಮಾಲೀಕರ ಮುಖ ಮಾತ್ರ ಬಿಳುಚಿಕೊಂಡಿತ್ತು. ಆ ಟ್ರೇಲರ್ ಅವರದಲ್ಲ, ಆದರೆ ಅವರ ಎರಡು ಟ್ರೇಲರಿಗೂ ಹಿಂದೆ ದೀಪವಿಲ್ಲ.

ಭಾಯಿ ಏನೂ ಹೇಳಲಿಲ್ಲ. ಚೀಲದಿಂದ ಡಬ್ಬಿ ತೆಗೆದು, ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರಿಗೂ ಹಂಚಿದರು. ಅವನಿಗೂ ಕೊಟ್ಟರು. ಅವನು ತಿನ್ನುವವರೆಗೂ ಕಾದು ನಿಂತರು.

ಆ ಸಂಜೆ ಮೆಕ್ಯಾನಿಕ್ ಹುಡುಗ ತನ್ನ ಫೋನಿನಲ್ಲಿ ಲೆ ಮಾನ್ಸ್‌ನ ರಾತ್ರಿಯ ಓಟ ತೋರಿಸಿದ. ಜಿಟಿ ಕಾರುಗಳಿಗೆ ಹಳದಿ ದೀಪ, ಅವುಗಳಿಗಿಂತ ವೇಗದವಕ್ಕೆ ಬಿಳಿ ದೀಪ. ಕನ್ನಡಿಯಲ್ಲಿ ಕಂಡ ಕೂಡಲೇ ಹಿಂದೆ ಬರುವವನು ಯಾವ ವರ್ಗದವನೆಂದು ತಿಳಿಯಲಿ ಎಂದು. ಒಂದು ಹಳೆಯ ಕಥೆಯನ್ನೂ ಹೇಳಿದ. ಮೊದಲೆಲ್ಲ ಆ ರೇಸಿನಲ್ಲಿ ಚಾಲಕರು ರಸ್ತೆಯ ಆಚೆ ಬದಿಯಿಂದ ಓಡಿಬಂದು ಕಾರು ಹತ್ತಿ ಹೊರಡಬೇಕಿತ್ತು. ಅವಸರಕ್ಕೆ ಬೆಲ್ಟು ಕಟ್ಟದೆ ಹೊರಡುವವರೇ ಹೆಚ್ಚು. 1969ರಲ್ಲಿ ಬೆಲ್ಜಿಯಂನ ಜಾಕಿ ಇಕ್ಸ್ ಎಂಬ ಇಪ್ಪತ್ನಾಲ್ಕರ ಯುವಕ ಇದನ್ನು ವಿರೋಧಿಸಿ, ಎಲ್ಲರೂ ಓಡುತ್ತಿರುವಾಗ ಆರಾಮವಾಗಿ ನಡೆದು ಹೋಗಿ, ಬೆಲ್ಟು ಕಟ್ಟಿ, ಎಲ್ಲರ ಕೊನೆಗೆ ಹೊರಟ. ಅದೇ ಮೊದಲ ಸುತ್ತಿನಲ್ಲಿ ಜಾನ್ ವುಲ್ಫ್ ಎಂಬ ಚಾಲಕ ಬೆಲ್ಟಿಲ್ಲದೆ ಸತ್ತ. ಮರುದಿನ ಸುಮಾರು ನೂರಿಪ್ಪತ್ತು ಮೀಟರ್ ಅಂತರದಲ್ಲಿ ಗೆದ್ದವನು ಇಕ್ಸ್. ಮುಂದಿನ ವರ್ಷದಿಂದ ಓಡಿಬಂದು ಹತ್ತುವ ಪದ್ಧತಿಯೇ ನಿಂತಿತು. ನಮ್ಮ ಮೂರು ತಿಂಗಳ ಭಾಷಣ ಮಾಡದ ಕೆಲಸವನ್ನು ಆ ನಡಿಗೆ ಮಾಡಿತು. ಹುಡುಗರು "ನಡಕೊಂತ ಹೋದ್ನಂತ ಲೇ" ಎಂದು ದಾರಿಯುದ್ದಕ್ಕೂ ಅದನ್ನೇ ಆಡಿಕೊಂಡರು.

ಇಷ್ಟು ಓದಿ, ಟ್ರ್ಯಾಕಿನಲ್ಲಿ ಯಾರಿಗೂ ಏನೂ ಆಗುವುದಿಲ್ಲವೆಂದು ಯಾರಾದರೂ ತಿಳಿದರೆ ಅದು ನಮ್ಮ ಬರವಣಿಗೆಯ ದೋಷ. 2023ರ ಜನವರಿಯಲ್ಲಿ ಇದೇ ಟ್ರ್ಯಾಕಿನಲ್ಲಿ ಸಲೂನ್ ಕಾರುಗಳ ಓಟದಲ್ಲಿ ಹಿರಿಯ ಚಾಲಕ ಕೆ.ಇ. ಕುಮಾರ್ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಬೈಕ್ ರೇಸಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕ. ಆ ಸುದ್ದಿ ಓದಿದ ದಿನ ನಾವು ಕಟ್ಟೆಗೆ ಹೋಗಲಿಲ್ಲ. ಹದಿಮೂರು ವರ್ಷದ ಮಗುವಿಗೆ ಆ ವೇಗ ಬೇಕಿತ್ತೇ ಎಂಬ ಪ್ರಶ್ನೆ ನಮಗೆ ಈಗಲೂ ಇದೆ. ಬಾವುಟ, ಬೆಲ್ಟು, ವ್ಯಾನು ಎಲ್ಲ ಇದ್ದೂ ಸಾವು ಬರುವ ಕಡೆ ಬರುತ್ತದೆ. ಏನೂ ಇಲ್ಲದ ನಮ್ಮ ರಸ್ತೆಗೆ ಅದು ದಿನವೂ ಬರದಿರುವುದೇ ಹೆಚ್ಚು.

ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸು ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ 5,000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇದನ್ನು ಹಳ್ಳಿಯಲ್ಲಿ ಹೇಳಿದರೆ "ಹಿಡಿಯೋರು ಯಾರು?" ಎನ್ನುತ್ತಾರೆ. ಸರಿಯಾದ ಪ್ರಶ್ನೆಯೇ.

ಊರಿಗೆ ಮರಳಿದ ವಾರ ಟ್ರ್ಯಾಕ್ಟರ್ ಮಾಲೀಕರು ಹೊಸಪೇಟೆಗೆ ಹೋಗಿ ರೇಡಿಯಂ ಹಾಳೆಯ ಎರಡು ಸುರುಳಿ ತಂದರು, ಕೆಂಪು ಒಂದು, ಹಳದಿ ಒಂದು. ರೊಕ್ಕ ಎಲ್ಲರೂ ಹಾಕಿದೆವು. ಕತ್ತರಿಸುವುದೆಲ್ಲಿ ಎಂದಾಗ ಭಾಯಿ ತಮ್ಮ ಅಂಗಡಿಯ ಮೇಜಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಒಂದು ಗೇಣುದ್ದ, ಮೂರು ಬೆರಳಗಲ. ಜಂಪರಿನ ಬಟ್ಟೆಗೆ ಗುರುತು ಹಾಕುವಂತೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದೇ ಕತ್ತರಿಯಿಂದ ಕತ್ತರಿಸಿದರು. ಅಂಟಿಸಲು ಆ ಹುಡುಗ ಹೊರಟ. ಬಂಡಿ, ಟ್ರೇಲರ್, ಸೈಕಲ್ಲು, ಕುರಿಗಾಹಿಯ ಕೋಲು ಯಾವುದನ್ನೂ ಬಿಡಲಿಲ್ಲ. ಸಂಜೆಯಾದರೆ ಬಂದು, "ಕಾಕಾ, ಕೆಂಪು ತೀರೈತಿ" ಎನ್ನುತ್ತಿದ್ದ.

ಕತ್ತರಿ ಮೊಂಡಾಯಿತೆಂದು ಭಾಯಿ ಇಂದಿಗೂ ನಮ್ಮನ್ನು ಬೈಯುತ್ತಾರೆ. ಸಾಣೆಯವ ಊರಿಗೆ ಬರುವುದು ತಿಂಗಳಿಗೊಮ್ಮೆ. ಪ್ರತಿ ವರ್ಷ ಕಬ್ಬಿನ ಹಂಗಾಮು ಶುರುವಾಗುವ ಮೊದಲು ಹೊಸ ಸುರುಳಿ ತರಿಸಲು ನೆನಪು ಮಾಡುವವರೂ ಅವರೇ.