ಕೊಸರಿನ ಲೆಕ್ಕ

ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ ತೂಗಿಸಿದ ಮೇಲೆ ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು ಕೊಸರು ಹಾಕಿಸಿಕೊಳ್ಳದೆ ಚೀಲ ಎತ್ತುವ ಹೆಂಗಸು ನಮ್ಮ ಹಾಸನದಲ್ಲಿ ಅಪರೂಪ. ಈಗ ಬ್ಯಾಂಕಿನವರೂ ಕೊಸರು ಹಾಕುತ್ತಾರೆ. ಅದಕ್ಕೆ ಕ್ಯಾಷ್‌ಬ್ಯಾಕ್ ಎಂದು ಹೆಸರು.

ನನ್ನ ನಾದಿನಿಯೂ ಅವಳ ಗೆಳತಿಯೂ ಪಾಲಿನಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಬಟ್ಟೆ, ಲೈನಿಂಗ್, ದಾರ ಎಲ್ಲ ಬರುವುದು ನಾದಿನಿಯ ಕ್ರೆಡಿಟ್ ಕಾರ್ಡಿನಲ್ಲಿ. ಕಾರ್ಡಿಗೆ ಕಟ್ಟುವುದು ಅಂಗಡಿಯ ಹಣ. ತಿಂಗಳಿಗೆ 60,000 ರೂಪಾಯಿ ಖರೀದಿ, ನೂರಕ್ಕೆ ಒಂದರಂತೆ 600 ವಾಪಸು. ವರ್ಷಕ್ಕೆ 7,200.

"ಕಾರ್ಡು ನನ್ನ ಹೆಸರಲ್ಲಿದೆ ಅತ್ತಿಗೆ, ಕೊಸರೂ ನನ್ನದೇ ತಾನೆ?" ಎಂದಳು. ಗೆಳತಿ ಜಗಳವಾಡಿರಲಿಲ್ಲ, ಮಾತು ಕಡಿಮೆ ಮಾಡಿದ್ದಳು, ಅಷ್ಟೆ.

ಹೋಟೆಲಿಗೆಂದು ತಂದ ತರಕಾರಿಯ ಕೊಸರು ಹೋಟೆಲಿನ ಒಗ್ಗರಣೆಗೇ ಬೀಳಬೇಕಲ್ಲವೆ? 1932ರ ಪಾಲುದಾರಿಕೆ ಕಾಯ್ದೆಯ 16ನೇ ಕಲಮೂ ಅದನ್ನೇ ಹೇಳುತ್ತದೆ: ಬೇರೆ ಕರಾರಿಲ್ಲದಿದ್ದರೆ, ಸಂಸ್ಥೆಯ ವ್ಯವಹಾರದಿಂದ ಪಾಲುದಾರರೊಬ್ಬರಿಗೆ ಬಂದ ಲಾಭ ಸಂಸ್ಥೆಗೇ ಸೇರಬೇಕು. ಹಾಗೆಂದು ಕಾರ್ಡಿನ ವಾರ್ಷಿಕ ಶುಲ್ಕ 500 ರೂಪಾಯಿಯನ್ನು ನಾದಿನಿಯ ಕೈಯಿಂದಲೇ ಕಟ್ಟಿಸುವುದು ನ್ಯಾಯವಲ್ಲ. ಅಂಗಡಿಗಾಗಿಯೇ ಇಟ್ಟುಕೊಂಡ ಕಾರ್ಡಾದರೆ ಅದೂ ಅಂಗಡಿಯ ಖರ್ಚೇ. (ಈ ಮಾತಿಗೆ ಅವಳ ಮುಖ ಸ್ವಲ್ಪ ಅರಳಿತು.)

ಖರೀದಿಯನ್ನು ಬಿಲ್ಲಿನಲ್ಲಿದ್ದಂತೆ 60,000 ಎಂದೇ ಬರೆಯಬೇಕು. ಬಟ್ಟೆಯವನು ಬೆಲೆ ಇಳಿಸಿಲ್ಲ, ಕೊಟ್ಟದ್ದು ಬ್ಯಾಂಕು. 600 ರೂಪಾಯಿಯನ್ನು 'ಬಂದ ರಿಯಾಯಿತಿ' ಎಂಬ ಬೇರೆ ಖಾತೆಗೆ ಜಮಾ ಮಾಡಿ, ಕಾರ್ಡಿನ ಬಾಕಿಯಲ್ಲಿ ಕಳೆಯಬೇಕು. ಅದನ್ನು ಹೊಲಿಗೆಯ ಆದಾಯಕ್ಕೆ ಸೇರಿಸಿದರೆ ದುಡಿದದ್ದೆಷ್ಟು ಎಂಬ ಲೆಕ್ಕವೇ ಸುಳ್ಳಾಗುತ್ತದೆ. ಅದೇ ಕಾರ್ಡಿನಲ್ಲಿ ಕೊಂಡ ಮನೆಯ ದಿನಸಿಯ ಕೊಸರು ಮಾತ್ರ ಅವಳದೇ.

ಈ ತಿಂಗಳಿಂದ ಹಾಗೆಯೇ ಬರೆಯುತ್ತಿದ್ದಾರೆ. ಹೋದ ವರ್ಷದ 7,200ರ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ.