ನೀರು ಬಿಟ್ಟರೆ

ಒಂದು ಕ್ರಿಯೆ ನಡೆಯಬೇಕಾದರೆ ಇನ್ನೊಂದು ನಡೆಯಬೇಕು ಎಂದು ಹೇಳುವ ವಾಕ್ಯವೇ ಷರತ್ತಿನ ವಾಕ್ಯ. ಇದರ ಕ್ರಿಯಾರೂಪವನ್ನು ಕನ್ನಡ ವ್ಯಾಕರಣದಲ್ಲಿ ಪಕ್ಷಾರ್ಥಕ ಎನ್ನುವುದುಂಟು. ಹಳಗನ್ನಡದ ‘ಬಂದೊಡೆ’ ನಡುಗನ್ನಡದಲ್ಲಿ ‘ಬಂದಡೆ’ಯಾಗಿ, ಇಂದು ‘ಬಂದರೆ’ ಎಂದಾಗಿ, ಗೋಕಾಕ ಸೀಮೆಯ ಮಮದಾಪುರದಂಥ ಊರಿನ ಮಾತಿನಲ್ಲಿ ‘ಬಂದ್ರ’ ಎಂದು ನಿಂತಿದೆ. ಇಂಥ ರೂಪವನ್ನು ತೊಟ್ಟಿಲಲ್ಲೇ ಕಲಿತ ವಿದ್ಯಾರ್ಥಿ ಇಂಗ್ಲಿಷಿನ ‘ಇಫ್’ ಎದುರು ತಡವರಿಸಿದರೆ ಅದಕ್ಕೆ ದಡ್ಡತನ ಕಾರಣವಲ್ಲ. ಎರಡು ಭಾಷೆಗಳು ಅನುಮಾನವನ್ನು ವಾಕ್ಯದ ಬೇರೆ ಬೇರೆ ಜಾಗದಲ್ಲಿ ಇಡುವುದೇ ಕಾರಣ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರಿಗಾಗಿ ಕಾಯುವ ರೈತ, ನೀರು ಬರುವ ಭರವಸೆಯಿದ್ದಾಗ ‘ನೀರು ಬಿಟ್ರ ಕಬ್ಬು ಬದಕತೈತಿ’ ಎನ್ನುತ್ತಾನೆ, ಭರವಸೆ ಕಳೆದಾಗ ‘ನೀರು ಬಿಟ್ರ ಕಬ್ಬು ಬದಕತಿತ್ತು’ ಎನ್ನುತ್ತಾನೆ. ಮೊದಲ ಅರ್ಧ ಎರಡರಲ್ಲೂ ಒಂದೇ. ಮಾತು ಸಾಧ್ಯತೆಯದೋ ಬರಿಯ ಹಂಬಲದ್ದೋ ಎಂಬುದು ಕೊನೆಯ ಕ್ರಿಯಾಪದ ಬಂದಮೇಲೆಯೇ ತಿಳಿಯುತ್ತದೆ. ಇಂಗ್ಲಿಷ್ ಅಷ್ಟು ಹೊತ್ತು ಕಾಯಿಸುವುದಿಲ್ಲ: ಭರವಸೆಯಿದ್ದರೆ ‘ಇಫ್ ದೇ ರಿಲೀಸ್’, ಇಲ್ಲದಿದ್ದರೆ ‘ಇಫ್ ದೇ ರಿಲೀಸ್ಡ್’ ಎಂದು ಆರಂಭದಲ್ಲೇ ರೂಪ ಬದಲಿಸಿ, ಉತ್ತರಾರ್ಧದಲ್ಲಿ ‘ವಿಲ್’ ಜಾಗಕ್ಕೆ ‘ವುಡ್’ ತರುತ್ತದೆ. ಕನ್ನಡಿಗ ಮೊದಲ ಬದಲಾವಣೆಯನ್ನು ಬಿಟ್ಟು ಎರಡನೆಯದನ್ನಷ್ಟೇ ಮಾಡಿದಾಗ ತಪ್ಪು ಹುಟ್ಟುತ್ತದೆ. ನಾಳೆಯ ಮಾತಿಗೆ ಭೂತಕಾಲದ ರೂಪವೇಕೆ ಎಂಬ ಗಲಿಬಿಲಿಯೂ ಸಹಜ; ಆದರೆ ‘ಬಿಟ್ಟರೆ’ ಎಂಬುದರೊಳಗೆ ಇರುವುದೂ ‘ಬಿಟ್ಟ’ ಎಂಬ ಭೂತರೂಪವೇ ಎಂದು ತೋರಿಸಿಕೊಟ್ಟರೆ ಆ ಗಲಿಬಿಲಿ ಬಹುಮಟ್ಟಿಗೆ ಕರಗುತ್ತದೆ.

ನಡೆಯದೇ ಹೋದ ಸಂಗತಿಗೆ ಪ್ರತ್ಯೇಕ ರೂಪ ಬೇಕೆಂಬ ವಿಚಾರ ಭಾರತದಲ್ಲಿ ಹಳೆಯದು. ಪಾಣಿನಿ ಇದನ್ನು ಕ್ರಿಯಾತಿಪತ್ತಿ, ಅಂದರೆ ಕ್ರಿಯೆ ಕೈಗೂಡದೆ ಹೋಗುವುದು, ಎಂದು ಕರೆದು ಅದಕ್ಕೆ ಲೃಙ್ ಲಕಾರ ಎಂಬ ಕ್ರಿಯಾರೂಪವನ್ನು ವಿಧಿಸಿದ. ಒಳ್ಳೆಯ ಮಳೆಯಾಗಿದ್ದರೆ ಸುಭಿಕ್ಷವಾಗುತ್ತಿತ್ತು ಎಂಬುದು ಸಂಸ್ಕೃತ ವೈಯಾಕರಣರು ಕೊಡುವ ಪರಿಚಿತ ಉದಾಹರಣೆ, ಮತ್ತು ಅಲ್ಲಿ ಎರಡೂ ಕ್ರಿಯಾಪದಗಳು ಲೃಙ್ ರೂಪದಲ್ಲೇ ಇರುತ್ತವೆ.

ಇಂಗ್ಲಿಷ್ ಪಾಠಪುಸ್ತಕಗಳು ಷರತ್ತಿನ ವಾಕ್ಯಗಳಿಗೆ ಮೊದಲನೆಯ, ಎರಡನೆಯ, ಮೂರನೆಯ ಬಗೆ ಎಂದು ಅಂಕಿ ಹಾಕಿ, ಹೀಗೆ ನಡೆಯದೇ ಹೋದುದನ್ನು ಹೇಳುವ ಮೂರನೆಯದನ್ನು ಕಠಿಣವೆಂದು ಕೊನೆಗೆ ಇಡುವ ಕ್ರಮ ಕನ್ನಡ ಮಕ್ಕಳಿಗೆ ಹೊಂದುವುದಿಲ್ಲ. ‘ನೀರು ಬಿಟ್ಟಿದ್ರ ಕಬ್ಬು ಬದಕತಿತ್ತು’ ಎನ್ನುವಾಗ ಕನ್ನಡವೂ ಇಂಗ್ಲಿಷಿನ ‘ಹ್ಯಾಡ್ ರಿಲೀಸ್ಡ್’ನಂತೆಯೇ ಮೊದಲ ಅರ್ಧದಲ್ಲೇ ರೂಪ ಬದಲಿಸುತ್ತದೆ. ಹಾಗಾಗಿ ಎರಡು ಭಾಷೆಗಳು ಜೊತೆಯಾಗಿ ನಡೆಯುವ ಈ ವಾಕ್ಯದಿಂದ ಪಾಠ ಶುರುವಾಗಿ, ಅವು ಅಗಲುವ ‘ಬಿಟ್ರ’ದ ಕಡೆಗೆ ಆಮೇಲೆ ಹೊರಳಬೇಕು.